ಗುಪ್ತವಾರ್ತೆ ಬೀರಪ್ಪನವರ ಧಾರಾಳ

ಮಾನ್ವಿಯಲ್ಲಿ ಗುಪ್ತವಾರ್ತೆ ಬೀರಪ್ಪನವರನ್ನು ಗುರುತಿಸದ ಮನುಷ್ಯನೇ ಇರಲಿಲ್ಲ. ಅವರ ಕೆಲಸವೇನೋ ಯಾರಿಗೂ ಗೊತ್ತಾಗದಂತೆ ಸಭೆಗಳಲ್ಲಿ ಕೂತು, ಯಾರು ಏನು ಮಾತಾಡಿದರು, ಎಷ್ಟು ಜನ ಸೇರಿದ್ದರು ಎಂದು ಮೇಲಿನವರಿಗೆ ಬರೆದು ಕಳಿಸುವುದು. ಆದರೆ ಅವರು ಮಫ್ತಿಯಲ್ಲಿ ಬಂದರೂ ಕಾಲಲ್ಲಿ ಇಲಾಖೆಯ ಕೆಂಪು ಬೂಟೇ ಇರುತ್ತಿತ್ತು. ಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಗೆ ಬೀರದೇವರ ಭಂಡಾರದ ಅರಿಸಿನ, ಕಿಸೆಯಲ್ಲಿ ಎರಡು ಪೆನ್ನು. ಅವರು ಬಂದದ್ದು ಕಂಡ ಕೂಡಲೇ ವೇದಿಕೆಯ ಮೇಲಿನವರು ಮೈಕಿನಲ್ಲೇ, "ಬೀರಪ್ಪನೋರು ಬಂದ್ರು, ಇನ್ನ ಶುರು ಮಾಡೋಣ್ರಿ" ಎನ್ನುತ್ತಿದ್ದರು. ಅವರು ಕೂತಲ್ಲಿಂದಲೇ ಎಲ್ಲರಿಗೂ ಕೈ ಮುಗಿಯುತ್ತಿದ್ದರು. ಇಂಥ ಗುಪ್ತವಾರ್ತೆ ಪೊಲೀಸರು ಬೇರೆ ಊರಲ್ಲಿ ಇದ್ದರೋ ಇಲ್ಲವೋ ನನಗೆ ತಿಳಿಯದು.

ನನ್ನದು ಮೈಕ್ ಸೆಟ್ಟು, ಕುರ್ಚಿ, ಶಾಮಿಯಾನದ ಬಾಡಿಗೆ ಅಂಗಡಿ. ಹೆಸರು ಹುಸೇನಪ್ಪ. ಹೆಸರು ಕೇಳಿ ಹೊರಗಿನವರು ತಬ್ಬಿಬ್ಬಾಗುತ್ತಾರೆ. ನಮ್ಮ ಕಡೆ ಮೊಹರಮ್ಮಿನ ಅಲಾಯಿ ದೇವರಿಗೆ ಹರಕೆ ಹೊತ್ತು ಹುಟ್ಟಿದ ಮಕ್ಕಳಿಗೆ ಯಾವ ಜಾತಿಯಾದರೂ ಇಂಥ ಹೆಸರು ಇಡುತ್ತಾರೆ. ನಾವು ಬುದ್ಧನ ಫೋಟೊ ಇಟ್ಟುಕೊಂಡ ಮಂದಿ. ಅಪ್ಪ ಅವ್ವ ಕೂಲಿ ಮಾಡಿ ನನ್ನನ್ನು ಬಿ.ಎ. ಓದಿಸಿದರು. ನೌಕರಿ ಸಿಗಲಿಲ್ಲ, ಮೈಕು ಸಿಕ್ಕಿತು. ಜಯಂತಿಗೂ ನಾನೇ, ಉರುಸಿಗೂ ನಾನೇ, ಎಲ್ಲ ಪಾರ್ಟಿಯ ಸಭೆಗೂ ನಾನೇ. ಸಭೆಯ ಹಿಂದುಗಡೆ ಆಂಪ್ಲಿಫೈಯರಿನ ಪಕ್ಕ ನನ್ನ ಕುರ್ಚಿ, ಅದರ ಪಕ್ಕ ಬೀರಪ್ಪನವರದು. ಊರಿನ ಭಾಷಣಗಳನ್ನೆಲ್ಲ ಕೊನೆಯವರೆಗೂ ಕೇಳಲೇಬೇಕಾದ ಪಾಪಿಗಳು ನಾವಿಬ್ಬರೇ ಆದ್ದರಿಂದ ಸ್ನೇಹ ಬೆಳೆಯಿತು. ಅವರು ಗುಂಜಹಳ್ಳಿಯ ಕುರಿ ಕಾಯುವ ಮನೆತನದವರು. ನನಗಿಂತ ಬಹಳ ಹಿರಿಯರು. ನನ್ನನ್ನು ಮೈಕ್ಯಾ ಎಂದು ಕರೆಯುತ್ತಿದ್ದರು.

ಅವರ ವರದಿಯಲ್ಲಿ ಮೂರು ವಾಕ್ಯ ಖಾಯಂ. 'ಸಭೆಯು ಶಿಸ್ತಿನಿಂದ ಕೂಡಿತ್ತು. ಯುವಕರು ಹೆಚ್ಚಿನ ಸಂಖ್ಯೆಯಲ್ಲಿ ಭಾಗವಹಿಸಿದ್ದರು. ಭಾಷಣಕಾರರ ಮಾತುಗಳು ಜನರ ಮನಸ್ಸಿಗೆ ನಾಟಿದವು.' ರೈತರ ಸಭೆಗೂ ಅದೇ, ದೇವಸ್ಥಾನದ ಕಮಿಟಿಗೂ ಅದೇ, ನಿವೃತ್ತ ನೌಕರರ ಸಂಘದ ಸಭೆಗೂ ಅದೇ. ಕೋಲು ಊರಿಕೊಂಡು ಬಂದ ಮುದುಕರ ಸಭೆಗೆ ಯುವಕರು ಹೆಚ್ಚಿನ ಸಂಖ್ಯೆಯಲ್ಲಿದ್ದರು ಎಂದು ಬರೆದದ್ದು ಕಂಡು ನಾನು ನಕ್ಕರೆ, "ಓದಿ ಹೇಳಿದ್ರ ಅವ್ರಿಗೂ ಖುಷಿ ಆಕ್ಕತಲೇ" ಎಂದರು. ಹೌದು, ಅವರು ಓದಿ ಹೇಳುತ್ತಿದ್ದರು. ಗುಪ್ತ ವರದಿಯನ್ನು ಯಾರ ಮೇಲೆ ಬರೆದರೋ ಅವರಿಗೇ ಓದಿ ಹೇಳಿ, ಚಹಾ ಕುಡಿದು, ಆಮೇಲೆ ಮೇಲಕ್ಕೆ ಕಳಿಸುತ್ತಿದ್ದರು.

ಇನ್ನು ಜನರ ಲೆಕ್ಕ. ಅದರಲ್ಲಿ ಬೀರಪ್ಪನವರು ಧಾರಾಳಿ. ಸಭೆ ಮುಗಿದ ಮೇಲೆ ಸಂಘಟಕರು ಮೆಲ್ಲಗೆ ಬಂದು ಪಕ್ಕದಲ್ಲಿ ನಿಲ್ಲುತ್ತಿದ್ದರು. ಇವರು ಪೆನ್ನಿನ ಟೊಪ್ಪಿಗೆ ತೆಗೆದು, "ಎಷ್ಟು ಹಾಕ್ಲಿ?" ಎನ್ನುತ್ತಿದ್ದರು. ನೂರಕ್ಕೆ ಐನೂರು, ಐನೂರಕ್ಕೆ ಎರಡು ಸಾವಿರ. ಒಮ್ಮೆ ನಮ್ಮ ಓಣಿಯ ಎರಡು ಬಣಗಳವರು ಬೇರೆ ಬೇರೆ ಜಯಂತಿ ಮಾಡಿ, ಯಾರಿಗೆ ಹೆಚ್ಚು ಬರೆದರು ಎಂದು ಬೀರಪ್ಪನವರ ಮನೆಯ ಮುಂದೆಯೇ ಜಗಳಕ್ಕೆ ನಿಂತರು. "ಇಬ್ಬರಿಗೂ ಸಾವಿರದ ಐನೂರು ಹಾಕೀನಿ, ಬರ್ರಿ ಒಳಗ, ಮಜ್ಜಿಗಿ ಕುಡೀರಿ" ಎಂದು ಒಳಗೆ ಕರೆದರು. ಮಜ್ಜಿಗೆ ಕುಡಿದು ಇಬ್ಬರೂ ಸುಮ್ಮನೆ ಹೋದರು. ಎರಡೂ ಕಡೆ ಕುರ್ಚಿ ಕೊಟ್ಟವನು ನಾನು. ನನ್ನ ಹತ್ತಿರ ಇದ್ದದ್ದೇ ಇನ್ನೂರು ಕುರ್ಚಿ.

ಇದು ಬರೀ ಮುಖಸ್ತುತಿ ಎಂದುಕೊಂಡರೆ ತಪ್ಪು. ಕೆಲವು ವರ್ಷ ಅವರನ್ನು ದೇವದುರ್ಗಕ್ಕೆ ಹಾಕಿದ್ದರು. ಅಲ್ಲಿಯ ಒಂದು ಹಳ್ಳಿಯಲ್ಲಿ ಕುಡಿಯುವ ನೀರಿನ ಮೋಟರು ಸುಟ್ಟು ಹೋಗಿ, ಹೆಣ್ಣುಮಕ್ಕಳು ಖಾಲಿ ಕೊಡ ಹಿಡಿದು ಕಚೇರಿಯ ಮುಂದೆ ಬಂದು ಕೂತರು. ನಾನು ಮೈಕು ಒಯ್ದಿದ್ದೆ. ಬಹಳವೆಂದರೆ ನಲವತ್ತು ಜನ, ಅವರಲ್ಲಿ ಅರ್ಧದಷ್ಟು ಮಂದಿಯ ಕಂಕುಳಲ್ಲಿ ಕೂಸು. ಬೀರಪ್ಪನವರು ಕೂಸುಗಳನ್ನೂ ಕೊಡಗಳನ್ನೂ ಲೆಕ್ಕ ಹಿಡಿದರೋ ಏನೋ, 'ಸುಮಾರು ಎಂಟುನೂರು ಮಹಿಳೆಯರು, ಪರಿಸ್ಥಿತಿ ಉದ್ವಿಗ್ನ' ಎಂದು ಬರೆದರು. ಮರುದಿನವೇ ದೊಡ್ಡ ಅಧಿಕಾರಿಯ ಜೀಪು ಬಂತು, ಹಿಂದೆಯೇ ಹೊಸ ಮೋಟರೂ ಬಂತು. ಆಮೇಲೊಮ್ಮೆ ಇಬ್ಬರೂ ಬಸ್ಸಿನಲ್ಲಿ ಬರುವಾಗ ಹೇಳಿದರು: "ಖರೇ ಬರದಿದ್ರ ಆ ಹೆಣ್ಮಕ್ಳು ಇನ್ನಾ ಕೊಡ ಹಿಡ್ಕಂಡು ಕುಂತಿರ್ತಿದ್ರಲೇ ಮೈಕ್ಯಾ. ಬಡವ್ರು ನಾಕ್ ಮಂದಿ ಬಂದ್ರ ಸರ್ಕಾರದ ಕಣ್ಣಿಗಿ ಕಾಣಂಗಿಲ್ಲ. ಕಾಗದದಾಗರ ಮಂದಿ ಇರ್ಲಿ ಬಿಡು."

ಆ ಮಾತು ನನಗೆ ಎಷ್ಟು ಹಿಡಿಸಿತ್ತೆಂದರೆ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ. ಈಗ ಯಾರಿಗೂ ಹೇಳುವುದಿಲ್ಲ.

ಮಾನ್ವಿಗೆ ವಾಪಸು ಬಂದ ಮೇಲೆ ನಡೆದದ್ದು ಖಾಜಾಸಾಬನ ಸಭೆ. ಖಾಜಾಸಾಬ್ ಹತ್ತಿ ಹಿಂಜಿ ಗಾದಿ ಹೊಲಿಯುವವನು. ಊರಿನಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಗಾದಿಗಳಲ್ಲಿ ಮುಕ್ಕಾಲು ಪಾಲು ಅವನ ಕೈಯವೇ, ಬೀರಪ್ಪನವರ ಮಗಳದೂ ಸೇರಿ. ಮೂಗಿನೊಳಗೆ, ಹುಬ್ಬಿನ ಮೇಲೆ ಸದಾ ಹತ್ತಿ. ಮನುಷ್ಯ ಒಳ್ಳೆಯವನು, ಆದರೆ ಒಂದು ಆಸೆ ಇತ್ತು: ಊರಲ್ಲಿ ಎಲ್ಲರೂ ಸಭೆ ಮಾಡುತ್ತಾರೆ, ತಾನೂ ಒಂದು ಮಾಡಿ ನಾಲ್ಕು ಜನಕ್ಕೆ ಉಣ್ಣಿಸಬೇಕು. ಆ ಆಸೆಗೆ ತಕ್ಕಂತೆ ಹೈದರಾಬಾದಿನ ಅವನ ಹೆಂಡತಿಯ ಕಡೆಯ ಸಂಬಂಧಿಕನೊಬ್ಬ ಒಬ್ಬ ಯುವಕನನ್ನು ಕರೆತಂದ. ಕನ್ನಡಕ ಹಾಕಿದ, ಬಹಳ ಓದಿದ ಹುಡುಗ. ಹಲವು ದೇಶಗಳಲ್ಲಿ ಹರಡಿದ ಒಂದು ಸಂಘಟನೆಯವನು.

ಗಾದಿ ಅಂಗಡಿಯ ಹಿತ್ತಲಲ್ಲಿ ಸಭೆ. ನಾನು ಮೂವತ್ತು ಕುರ್ಚಿ ಹಾಕಿದ್ದೆ. ಹಿಂದಿನ ಸಾಲು ಖಾಲಿ ಉಳಿಯಿತು. ಯುವಕ ಗಟ್ಟಿ ಉರ್ದುವಿನಲ್ಲಿ ಮಾತಾಡಿದ. ಜಗತ್ತಿನ ಮುಸ್ಲಿಮರೆಲ್ಲ ಒಬ್ಬ ಖಲೀಫನ ಆಳ್ವಿಕೆಗೆ ಬರಬೇಕು, ದೇಶ ದೇಶಗಳ ಗಡಿ, ಓಟು, ಪಾರ್ಲಿಮೆಂಟು ಇವೆಲ್ಲ ಮನುಷ್ಯರು ಮಾಡಿಕೊಂಡ ಕಟ್ಟಳೆ, ಅವನ್ನು ಬಿಡಬೇಕು ಎಂದ. ನನಗೆ ಸಿಟ್ಟು ಬಂತು. ಸಂವಿಧಾನ ಬರೆದು ನಮ್ಮಪ್ಪನ ಕೈಗೆ ಓಟು ಕೊಟ್ಟವರ ಫೋಟೊಗೆ ನಾನು ದಿನಾ ಊದುಬತ್ತಿ ಹಚ್ಚುವವನು. ಇವನಿಗೆ ಓಟು ಬೇಡವಂತೆ! ವೈರು ಕಿತ್ತುಬಿಡಲೇ ಎನ್ನಿಸಿತು. ಬೀರಪ್ಪನವರಿಗೆ ಅಷ್ಟು ಗಟ್ಟಿ ಉರ್ದು ತಿಳಿಯದು, ನಾನು ಹೇಳಿದ್ದನ್ನು ಬರೆದುಕೊಂಡು, "ಎಷ್ಟು ಚಂದ ಮಾತಾಡ್ತಾನ ನೋಡಲೇ ಹುಡುಗ" ಎಂದರು.

ಮಾತು ಮುಗಿದಾಗ ಹಮಾಲಿ ಮಾಡುವ, ಎರಡು ಎಕರೆ ಗದ್ದೆಯೂ ಇರುವ ಒಬ್ಬ ಮುದುಕ ಎದ್ದು ನಿಂತ. "ಎಲ್ಲಾ ಚಲೋ ಹೇಳಿದ್ರಿ. ಆ ಖಲೀಫಾ ಬಂದ್ರ ನಮ್ಮ ಕೊನಿಭಾಗಕ್ಕ ಕಾಲುವಿ ನೀರು ಬರ್ತಾವೇನ್ರಿ?" ಎಂದು ಕೇಳಿದ. ಹಿತ್ತಲೆಲ್ಲ ನಕ್ಕಿತು. ಯುವಕನ ಮುಖ ಕೆಂಪಾಯಿತು. ಖಾಜಾಸಾಬ್ ಅವಸರವಸರವಾಗಿ, "ಊಟ ತಯಾರದ, ಬರ್ರಿ ಬರ್ರಿ" ಎಂದು ಎಬ್ಬಿಸಿದ. ಬಗಾರಾ ಅನ್ನ, ಅದರ ಮೇಲೆ ಬೇಳೆಯ ದಾಲ್ಚಾ. ಸತ್ಯ ಹೇಳಬೇಕೆಂದರೆ ಬಂದವರಲ್ಲಿ ಹೆಚ್ಚಿನವರು ಬಂದದ್ದೇ ಅದಕ್ಕೆ. ಒಬ್ಬಿಬ್ಬರು ಹುಡುಗರು ಮಾತ್ರ ಆ ಯುವಕನ ಹಿಂದೆ ಹಿಂದೆ ತಿರುಗಿ ಏನೇನೋ ಕೇಳುತ್ತಿದ್ದರು.

ಕೈ ತೊಳೆಯುವಾಗ ಖಾಜಾಸಾಬ್ ಬಂದು ನಿಂತ. "ಸಾಹೇಬ್ರ, ಮೊನ್ನೆ ಗಂಜ್ ವ್ಯಾಪಾರಸ್ಥರ ಸಭಾಕ್ಕ ಐನೂರು ಹಾಕಿದ್ರಂತ. ನಮ್ದೂ ವಸಿ ನೋಡಿ ಹಾಕ್ರಿ. ಬೀಗರ ಮುಂದ ಮರ್ಯಾದಿ ಪ್ರಶ್ನಿ."

"ಮುನ್ನೂರು ಸಾಕಾ?" ಎಂದರು ಬೀರಪ್ಪನವರು.

"ಬಾಳಾತ್ರಿ ಸಾಹೇಬ್ರ, ಬಾಳಾತು!" ಎಂದು ಅವನ ಮುಖ ಅರಳಿತು. ಮುನ್ನೂರರ ಕೆಳಗೆ ಅವೇ ಮೂರು ವಾಕ್ಯ ಬಿದ್ದವು. ಓದಿ ಹೇಳಿದಾಗ ಖಾಜಾಸಾಬ್ ಎರಡೂ ಕೈಯಿಂದ ಅವರ ಕೈ ಹಿಡಿದುಕೊಂಡ.

ಒಂದೆರಡು ವರ್ಷ ಕಳೆದ ಮೇಲೆ ದಿಲ್ಲಿಯಿಂದ ಸುದ್ದಿ ಬಂತು. ಆ ಸಂಘಟನೆಯನ್ನು ಸರ್ಕಾರ ನಿಷೇಧಿಸಿತು. ಬೇರೆ ಎಷ್ಟೋ ದೇಶಗಳೂ ನಿಷೇಧಿಸಿವೆ ಎಂದು ಟೀವಿಯಲ್ಲಿ ಹೇಳಿದರು. ಸರ್ಕಾರಕ್ಕೆ ಅನುಮಾನವೇ ಬರಬಾರದಿತ್ತು ಎಂದು ನಾನು ಹೇಳುವುದಿಲ್ಲ. ಆ ಯುವಕನ ಮಾತು ನಾನೇ ಕೇಳಿದ್ದೇನೆ. ಆದರೆ ಅವನು ಎತ್ತ ಹೋದನೋ ಯಾರಿಗೂ ಸಿಗಲಿಲ್ಲ. ಮೇಲಿನವರು ಹಳೆಯ ವರದಿಗಳನ್ನು ತೆಗೆದು ನೋಡಿದರು. ಸಿಕ್ಕದ್ದು ಮಾನ್ವಿಯ ಗಾದಿ ಅಂಗಡಿ. ಮುನ್ನೂರು ಜನ, ಶಿಸ್ತು, ಯುವಕರು, ಮನಸ್ಸಿಗೆ ನಾಟಿದ ಮಾತು. ಮುದುಕರನ್ನು ಖುಷಿಪಡಿಸಲು ಬರೆಯುತ್ತಿದ್ದ ವಾಕ್ಯಗಳನ್ನು ಊರೂ ಕಾಣದ, ಬೀರಪ್ಪನವರನ್ನೂ ಕಾಣದ ಅಧಿಕಾರಿಗಳು ಓದಿದರು. ಓದಿದವರಿಗೆ ಹೆದರಿಕೆಯಾಗದೆ ಇನ್ನೇನಾದೀತು?

ಖಾಜಾಸಾಬನನ್ನು ಅಂಗಡಿಯಿಂದಲೇ ಎತ್ತಿಕೊಂಡು ಹೋದರು. ಸಂಘಟನೆಯ ಈ ಭಾಗದ ಮುಖಂಡ ಎಂದು ಕೇಸು. ಜಾಮೀನೂ ಸುಲಭಕ್ಕೆ ಸಿಗದ ಕಾಯ್ದೆ. ಅವನ ದಾಲ್ಚಾ ಉಂಡವರೆಲ್ಲ ಅವನ ಅಂಗಡಿಯ ಮುಂದಿನ ರಸ್ತೆ ಬಿಟ್ಟು ಬೇರೆ ರಸ್ತೆ ಹಿಡಿದರು. ಮುನ್ನೂರು ಜನ ಸೇರಿದ್ದರೆನ್ನುವ ಆ ಸಭೆಗೆ ನಾನೂ ಹೋಗಿದ್ದೆ ಎನ್ನುವವನು ಊರಲ್ಲಿ ಒಬ್ಬನೂ ಇಲ್ಲದಂತಾಯಿತು.

ಅದೇ ತಿಂಗಳು ಬೀರಪ್ಪನವರನ್ನು ರಾಯಚೂರಿಗೆ ಕರೆಸಿ, ಸಕಾಲಕ್ಕೆ ಮಾಹಿತಿ ಕೊಟ್ಟದ್ದಕ್ಕೆ ಶಾಲು ಹೊದಿಸಿ ಪ್ರಶಂಸಾಪತ್ರ ಕೊಟ್ಟರು. ಬಸ್ಸು ಇಳಿದವರೇ ನೇರ ನನ್ನ ಅಂಗಡಿಗೆ ಬಂದರು. ಶಾಲನ್ನು ಪ್ಲಾಸ್ಟಿಕ್ ಚೀಲದಲ್ಲಿ ತುರುಕಿದ್ದರು. ಚೀಲವನ್ನು ಆಂಪ್ಲಿಫೈಯರಿನ ಮೇಲೆ ಇಟ್ಟರು. ಆಮೇಲೆ, "ಇದನ್ನ ನಿನ್ನ ಕಡೀ ಇಟ್ಕೋ. ಮನಿಗಿ ಒಯ್ಯಾಕ ಆಗವಲ್ದು. ಮಗಳು ಬಂದಾಳ, ಅವ ಹೊಲದ ಗಾದಿ ಮ್ಯಾಲ ಮಲಗ್ತಾಳ" ಎಂದರು. ಆ ಮನುಷ್ಯ ತಲೆ ಬಗ್ಗಿಸಿ ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು.

ಮರುದಿನವೂ ಬೀರಪ್ಪನವರು ನನ್ನ ಅಂಗಡಿಯಲ್ಲೇ ಕೂತಿದ್ದರು. ಖಾಜಾಸಾಬನ ಹೆಂಡತಿ ಮಹಬೂಬಿಗೆ ಅದು ಹೇಗೆ ತಿಳಿಯಿತೋ, ಅಲ್ಲಿಗೇ ಬಂದಳು. ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅಣ್ಣಾ, ಅವತ್ತು ಬಡಿಸಿದಾಕಿ ನಾನ. ಎಷ್ಟು ಮಂದಿಗಿ ಅಕ್ಕಿ ಹಾಕಿದ್ದೆ ಅಂತ ನನಗ ಗೊತ್ತದ. ಮುನ್ನೂರು ಮಂದಿಗಿ ಅಡಗಿ ಮಾಡೋ ಡಬರಿ ನಮ್ಮ ಮನ್ಯಾಗ ಇಲ್ಲ. ನೀವು ಕೋರ್ಟಿನ್ಯಾಗ ಒಂದು ಮಾತು ಹೇಳಿಬಿಡ್ರಿ."

"ಹೇಳಿದ್ರ ನನ್ನ ನೌಕ್ರಿ ಹೋಗ್ತದ ಯವ್ವಾ."

"ನನ್ನ ಗಂಡ ಹೋಗ್ಯಾನಲ್ರಿ" ಎಂದಳು.

ಅವಳ ವಕೀಲರು ನನ್ನನ್ನೂ ಕಂಡರು. ನಾನೇ ಬಂದು ಹೇಳುತ್ತೇನೆ ಎಂದೆ. "ನೀವು ಅವರಿಂದ ಬಾಡಿಗೆ ಪಡೆದವರು, ಮೇಲೆ ನಿಮ್ಮ ಹೆಸರು ಬೇರೆ ಹುಸೇನಪ್ಪ, ಕೋರ್ಟು ನಂಬುವುದಿಲ್ಲ. ಬರೆದವರೇ ಹೇಳಬೇಕು. ಇಲ್ಲವಾದರೆ ಬೀರಪ್ಪನವರು ಯಾವಾಗಲೂ ಹೆಚ್ಚಿಗೆ ಬರೆಯುತ್ತಾರೆ ಎಂದು ಬೇರೆ ಸಂಘಟಕರಾದರೂ ಹೇಳಬೇಕು" ಎಂದರು. ಅದೇನು ದೊಡ್ಡದು ಎಂದುಕೊಂಡು ವಕೀಲರನ್ನು ಕರೆದುಕೊಂಡು ಮನೆ ಮನೆ ತಿರುಗಿದೆ. ದೇವಸ್ಥಾನದ ಕಮಿಟಿಯವರು, "ನಮ್ಮ ಸಭಾಕ್ಕ ಖರೇನ ಎರಡು ಸಾವಿರ ಮಂದಿ ಬಂದಿದ್ರು" ಎಂದರು. ಪಾರ್ಟಿಯವರು, "ನಮ್ದು ಕಡಿಮಿನೇ ಬರದಾರ" ಎಂದರು. ಕೊನೆಗೆ ನಮ್ಮ ಓಣಿಗೆ ಬಂದೆ. ಮಜ್ಜಿಗೆ ಕುಡಿದುಹೋದ ಎರಡೂ ಬಣದವರು, ಅದೊಂದು ವಿಷಯದಲ್ಲಿ ಮಾತ್ರ ಒಂದಾಗಿ, "ಸಾವಿರದ ಐನೂರಕ್ಕ ಒಂದು ತಲಿ ಕಡಿಮಿ ಇದ್ದಿದ್ದಿಲ್ಲ. ನಮ್ಮ ಮಾನ ತೆಗಿಯಾಕ ಬಂದೀಯೇನಲೇ?" ಎಂದು ನನ್ನ ಮೇಲೇ ಏರಿ ಬಂದರು. ಥೂ! ಕಲ್ಲು ಹೊತ್ತು, ಅವಮಾನ ತಿಂದು ಬದುಕಿದ ಮನೆಗಳವರು ನಾವು. ಕೇಸು ಹಾಕಿಸಿಕೊಂಡು ಒಳಗೆ ಕೂತವನ ನೋವು ನಮಗಲ್ಲದೆ ಯಾರಿಗೆ ತಿಳಿಯಬೇಕು? ವಕೀಲರ ಮುಖ ನೋಡಲಾಗದೆ ನಾನು ನನ್ನ ಚಪ್ಪಲಿ ನೋಡುತ್ತ ನಿಂತೆ. ಆ ನಾಚಿಕೆ ಇವತ್ತಿಗೂ ಹೋಗಿಲ್ಲ.

ಕೋರ್ಟಿನ ಮೊದಲ ತಾರೀಖಿಗೆ ಬೀರಪ್ಪನವರು ಜ್ವರವೆಂದರು. ಮುಂದಿನದಕ್ಕೆ ಹೊಟ್ಟೆನೋವೆಂದರು. ಅವರ ಪಿಂಚಣಿಗೆ ಕೆಲವೇ ತಿಂಗಳು ಉಳಿದಿದ್ದವು. ನಾನು ಜಗಳವಾಡಿ ಮಾತು ಬಿಟ್ಟೆ. ಮೂರನೆಯ ಸಲ ಅವರೇ ಬೆಳಿಗ್ಗೆ ನನ್ನ ಮನೆಯ ಮುಂದೆ ಬಂದು ನಿಂತರು. "ನಡಿಯಲೇ ಮೈಕ್ಯಾ, ರಾಯಚೂರಿಗಿ. ಒಬ್ಬನ ಹೋದ್ರ ನಡುದಾರ್ಯಾಗ ಇಳಿದು ವಾಪಸ್ ಬಂದುಬಿಡ್ತೀನಿ" ಎಂದರು.

ಕಟಕಟೆಯಲ್ಲಿ ಖಾಜಾಸಾಬ್ ಇದ್ದ. ಗುರುತು ಸಿಗಲಿಲ್ಲ, ಹುಬ್ಬಿನ ಮೇಲೆ ಹತ್ತಿ ಇಲ್ಲದೆ ಅವನನ್ನು ನಾನು ನೋಡಿಯೇ ಇರಲಿಲ್ಲ. ಬೀರಪ್ಪನವರನ್ನು ಕಂಡು ಅಭ್ಯಾಸದಂತೆ ಎದೆಗೆ ಕೈಯಿಟ್ಟು ಸಲಾಂ ಮಾಡಿದ. ಖಾಜಾಸಾಬನ ವಕೀಲರು ಕೋರ್ಟಿನ ಮೂಲಕ ತರಿಸಿದ್ದ ಬೇರೆ ಬೇರೆ ಸಭೆಗಳ ಹಳೆಯ ವರದಿಗಳನ್ನು ಬೀರಪ್ಪನವರ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿದರು. ಜಯಂತಿಯದು ಓದಿದರು, ರೈತರದು ಓದಿದರು. ನಿವೃತ್ತ ನೌಕರರ ಸಭೆಯಲ್ಲಿ ಯುವಕರು ಹೆಚ್ಚಿನ ಸಂಖ್ಯೆಯಲ್ಲಿದ್ದರು ಎಂಬಲ್ಲಿಗೆ ಬಂದಾಗ ಟೈಪು ಮಾಡುವವನೇ ನಕ್ಕುಬಿಟ್ಟ. ಆಮೇಲೆ ಎಲ್ಲರೂ ನಕ್ಕರು.

"ಯಾಕ್ರೀ ಹೀಗೆ ಬರೆದಿರಿ?" ನ್ಯಾಯಾಧೀಶರು ಕೇಳಿದರು.

"ಮರ್ಯಾದಿಗಿ ಬರದೀನ್ರಿ ಸಾಹೇಬ್ರ. ಕೇಳಿದೋರಿಗೆಲ್ಲಾ ಹಂಗ ಬರೀತಿದ್ದೆ. ಕರದು ಕೂಡ್ಸಿದೋರ ಮನಸು ನೋಯಿಸಬಾರ್ದು ಅಂತ."

"ಆ ದಿನ ನಿಜವಾಗಿ ಎಷ್ಟು ಜನ ಇದ್ದರು?"

"ಇಪ್ಪತ್ತು ಇಪ್ಪತ್ತೈದು ಇದ್ದಿರಬೇಕ್ರಿ. ಅದ್ರಾಗ ನಾನೂ ಒಬ್ಬ."

ಸರ್ಕಾರಿ ವಕೀಲರು ಎದ್ದರು. ಎದ್ದ ರೀತಿಯಲ್ಲೇ ಸಿಟ್ಟಿತ್ತು. "ಆರೋಪಿಯ ಮನೆಯಲ್ಲಿ ಊಟ ಮಾಡಿದ್ದೀರಾ?"

"ಮಾಡೀನ್ರಿ. ಎರಡು ಸಲ ಹಾಕಿಸ್ಕೊಂಡೀನಿ."

ಮತ್ತೆ ನಗು. ಮೂವತ್ತು ವರ್ಷ ಇಲಾಖೆಯಲ್ಲಿ ದುಡಿದ ಮನುಷ್ಯ, ಕಿವಿಯವರೆಗೂ ಕೆಂಪಾಗಿ, ಎರಡೂ ಕೈಯಿಂದ ಸಾಕ್ಷಿಕಟ್ಟೆಯ ಅಡ್ಡಪಟ್ಟಿ ಹಿಡಿದುಕೊಂಡು ನಿಂತಿದ್ದರು. ಹೊರಗೆ ಬಂದ ಮೇಲೆ ಬೇವಿನ ಮರದ ಕೆಳಗೆ ಕೂತು ನೀರು ಕುಡಿದರು. "ನಕ್ಕದ್ದು ಚಲೋ ಆತಲೇ. ನಗದಿದ್ರ ನಂಬ್ತಿದ್ದಿಲ್ಲ" ಎಂದರು. ಆಮೇಲೆ ಮುಖ ಮುಚ್ಚಿಕೊಂಡರು.

ನಂಬಿದರೋ ಇಲ್ಲವೋ, ಕೆಲವು ತಿಂಗಳ ಮೇಲೆ ಖಾಜಾಸಾಬನಿಗೆ ಜಾಮೀನು ಸಿಕ್ಕಿತು. ಕೇಸು ಇನ್ನೂ ನಡೆದಿದೆ. ಬೀರಪ್ಪನವರ ಮೇಲೆ ಇಲಾಖೆಯ ವಿಚಾರಣೆ ಕೂತಿತು, ಪಿಂಚಣಿ ನಿಂತಿತು. ಅವರು ಗುಂಜಹಳ್ಳಿಗೆ ಹೋಗಿ ತಮ್ಮನ ಕುರಿಗಳ ಹಿಂದೆ ತಿರುಗುತ್ತಿದ್ದರಂತೆ. ಕಳೆದ ವರ್ಷ ಅಲ್ಲಿಯೇ ತೀರಿಕೊಂಡರು. ನನಗೆ ತಿಳಿದದ್ದು ಮಣ್ಣಾದ ಮೇಲೆ.

ಅವರನ್ನು ನಾನು ಕೊನೆಯ ಸಲ ಕಂಡದ್ದು ಖಾಜಾಸಾಬ್ ಮನೆಗೆ ಬಂದ ವಾರ. ಗುಂಜಹಳ್ಳಿಯಿಂದ ಬಂದು, "ಅವನ ಮಾರಿ ನೋಡಿ ತಪ್ಪಾತು ಅಂತ ಒಂದು ಮಾತು ಕೇಳಿಕ್ಯಂಡು ಬರಬೇಕಲೇ. ಅದನ್ನ ಹೇಳದ ನಿದ್ದಿ ಬರವಲ್ದು" ಎಂದರು. ಇಬ್ಬರೂ ಹೋದೆವು. ಹಾಡುಹಗಲು. ಕದ ತೆರೆದವಳು ಮಹಬೂಬಿ. ಅವರನ್ನು ನೋಡಿ ಸೆರಗು ಸರಿಮಾಡಿಕೊಂಡು, ಹೊಸ್ತಿಲ ಮೇಲೇ ನಿಂತಳು.

"ಅಣ್ಣಾ, ಕೋರ್ಟಿನ್ಯಾಗ ನೀವು ಖರೇ ಹೇಳಿದ್ದು ಮರಿಯಂಗಿಲ್ಲ. ಆದ್ರ ಒಳಗ ಬರ್ರಿ ಅನ್ನಂಗಿಲ್ಲ, ತಪ್ಪು ತಿಳೀಬ್ಯಾಡ್ರಿ" ಎಂದು ಕಣ್ಣಿನಲ್ಲೇ ರಸ್ತೆಯ ಆಚೆ ತೋರಿಸಿದಳು. ಎದುರಿನ ಚಹಾದಂಗಡಿಯಲ್ಲಿ ಇಬ್ಬರು ಹುಡುಗರು ಮೊಬೈಲು ಹಿಡಿದು ಕೂತಿದ್ದರು. "ನಿಮ್ಮ ಜಾಗಾಕ್ಕ ಹೊಸಬ್ರು ಬಂದಾರ. ಯಾರು ಬಂದ್ರು, ಎಷ್ಟೊತ್ತು ಕುಂತ್ರು, ಎಲ್ಲಾ ಇದ್ದದ್ದು ಇದ್ದಂಗ ಬರೀತಾರಂತ. ಪೊಲೀಸ್ ಸಾಕ್ಷಿ ಮನಿಗಿ ಬಂದು ಹೋದ ಅಂತ ಬರದ್ರ ಅವ್ರನ್ನ ಮತ್ತ ಒಯ್ತಾರ. ನಿಮ್ಮ ಕಾಲಿಗಿ ಬೀಳ್ತೀನಿ, ಹೋಗಿಬಿಡ್ರಿ."

"ಖರೇ ಅದವ್ವಾ, ಖರೇ ಅದ" ಎಂದು ಬೀರಪ್ಪನವರು ಮೆಟ್ಟಿಲು ಇಳಿದರು.

ಒಳಗಿನಿಂದ ಖಾಜಾಸಾಬನ ದನಿ ಕೇಳಿಸಿತು. "ಯಾರು ಬಂದಾರ?"

ಕದ ಮುಚ್ಚುತ್ತ ಅವಳು ಹೇಳಿದಳು: "ಯಾರೂ ಇಲ್ಲ."